ಬೆಳಗಿನ ಮೊದಲ ಪತ್ರಗಳು

ಮೇಡಂ ಅವರಿಗೆ ನಮಸ್ಕಾರ.

ಇವತ್ತು ಬೆಳಿಗ್ಗೆ ‘ಸಾಮಾನ್ಯ’ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಪತ್ರ ಕಂಡೆ: ‘ಗಂಡ ನನ್ನ ಒಳಗೆ ಬಿಟ್ಟು ಹೊರಗಿಂದ ಬೀಗ ಹಾಕ್ತಾರೆ. ಬಿಡುವಾದಾಗ ಬನ್ನಿ.’ ಅದು ಬಂದು ನಾಲ್ಕು ದಿನವಾಗಿದೆ.

ನಮ್ಮ ಸಹಾಯವಾಣಿಯ ಪತ್ರಗಳಲ್ಲಿ ತುರ್ತಿನವನ್ನು ಆರಿಸುವ ಎಐ ಮಾಡೆಲ್ ಕ್ಲೌಡ್‌ನಲ್ಲಿ, ಅಂದರೆ ಬೇರೆಯವರ ದೂರದ ಕಂಪ್ಯೂಟರಿನಲ್ಲಿದೆ. ಪತ್ರಗಳನ್ನು ಅದಕ್ಕೆ ಕಳಿಸಿ ಉತ್ತರ ಪಡೆಯುವ ಕೋಡ್ ಬರೆದವಳು ನಾನೇ. ರಾತ್ರಿಯೆಲ್ಲ ಸುಮ್ಮನಿದ್ದ ಮಾಡೆಲ್ ಬೆಳಿಗ್ಗೆ ಎಚ್ಚರವಾಗಲು ಎರಡು ನಿಮಿಷ ಬೇಕು. ‘ಅದೂ ನಿನ್ನ ಹಾಗೇ, ಬೆಳಿಗ್ಗೆ ಬಾಯೇ ಬಿಡಲ್ಲ ಕಣೇ’ ಎಂದು ಪಕ್ಕದ ಮೇಜಿನ ಅಕ್ಕ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಕೋಡ್‌ನಲ್ಲಿ ನಾನು ಹತ್ತೇ ಸೆಕೆಂಡು ಕಾಯಲು ಹೇಳಿದ್ದೆ. ಅಷ್ಟರೊಳಗೆ ಉತ್ತರ ಬರದಿದ್ದರೆ ‘ಸಾಮಾನ್ಯ’ ಎಂದು ಗುರುತಿಸಲು ಹೇಳಿದ್ದೆ. ಹಾಗಾಗಿ ಪ್ರತಿದಿನದ ಮೊದಲ ಪತ್ರಗಳನ್ನು ಮಾಡೆಲ್ ಓದಿಲ್ಲ, ಸಾಮಾನ್ಯವೆಂದು ಬದಿಗಿಟ್ಟು ನಾವೂ ಓದಿಲ್ಲ; ಈ ಪತ್ರವೂ ಅಂಥದ್ದೇ.

ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಗಂಡಸೊಬ್ಬ ಎತ್ತಿ, ‘ಅವಳು ತವರಿಗೆ ಹೋಗಿದಾಳಲ್ಲ, ನೀವ್ಯಾರು?’ ಎಂದ. ಅವನ ಹಿಂದೆ ಯಾರೋ ಬಾಗಿಲು ಬಡಿಯುತ್ತಿದ್ದರು. ಆಮೇಲೆ ಆ ಸದ್ದು ನಿಂತಿತು.

ದಯವಿಟ್ಟು ನಾನು ಬರುವವರೆಗೆ ಮಾಡೆಲ್ ನಿಲ್ಲಿಸಿ, ಹಳೆಯ ಪತ್ರಗಳನ್ನು ಯಾರಾದರೂ ಕೂತು ಓದಲಿ. ಪೊಲೀಸರಿಗೆ ವಿಳಾಸ ಕೊಟ್ಟಿದ್ದೇನೆ. ನಿಮ್ಮ ಅನುಮತಿಗೆ ಕಾಯದೆ ನಾನೂ ಅವರ ಜೊತೆ ಹೊರಟಿದ್ದೇನೆ.

ಇತಿ,
ಕಿಟಕಿ ಪಕ್ಕದ ಮೇಜಿನವಳು