ಜಾಲರಿಯೊಳಗಿನ ಶಾಲು

೧೮ ಏಪ್ರಿಲ್ ೨೦೦೭, ಬುಧವಾರ
ಶಿರಸಿ

ಮಾಳಿಗೆಗೂ ಕೆಳಗಿನ ಕೋಣೆಗಳಿಗೂ ಒಂದೇ ಗಾಳಿದಾರಿ ಇಟ್ಟು ಇಡೀ ಮನೆಗೆ ಒಂದೇ ಎ.ಸಿ. ಹಾಕಿಸಿದ್ದೇ ತಪ್ಪಾಯಿತೇನೋ. ಇವತ್ತೂ ಅದರ ಕೊಳವೆಗಳಿಗೆ ಐಸು ಕಟ್ಟಿ ತಂಪು ನಿಂತುಹೋಯಿತು. ಗ್ಯಾಸು ತುಂಬಿಸಿ, ಫಿಲ್ಟರು ತೊಳೆಸಿದ್ದೂ ಆಗಿತ್ತು. ಮಧ್ಯಾಹ್ನ ಮೆಕ್ಯಾನಿಕ್ ಉಲ್ಲಾಸ ಬಂದು, ನನ್ನ ಕೋಣೆಯ ಗೋಡೆಯಲ್ಲಿರುವ, ಗಾಳಿ ಒಳಗೆಳೆಯುವ ಜಾಲರಿ ಬಿಚ್ಚಿದ. ಒಳಗೆ ನನ್ನ ಹಳೆಯ ಶಾಲು, ಟವೆಲುಗಳು ಗಿಡಿದು ತುಂಬಿದ್ದವು.

"ಗಾಳಿ ಎಳಿಲಿಕ್ಕೆ ಜಾಗನೇ ಇಲ್ಲ ಅಕ್ಕಾ. ಐಸು ಕಟ್ಟದೆ ಏನ್ ಮಾಡ್ತದೆ?" ಎಂದ.

ಅವನು ಹೋದ ಮೇಲೆ ಮಗಳು ಅಭಿಜ್ಞಾ ತಾನಾಗಿಯೇ ಬಂದು ತಪ್ಪೊಪ್ಪಿಕೊಂಡಳು. "ತುಂಬಿದ್ದು ಆನೇ, ಆಯಿ."

"ಎಂತಕ್ಕೆ?"

"ಅಪ್ಪ ಮಾಳಿಗೆ ಮೇಲೆ ಫೋನಲ್ಲಿ ಮಾತಾಡದು ಅದ್ರಲ್ಲಿ ಕೇಳ್ತು. ನಿಂಗೆ ಕೇಳದು ಬ್ಯಾಡ ಹೇಳಿ."

ಇನ್ನೂ ಕೇಳಿದರೆ ಬಿಕ್ಕಿ ಬಿಕ್ಕಿ ಅತ್ತಳು.

ನನ್ನ ಎದೆಯ ಗಂಟಿನ ರಿಪೋರ್ಟನ್ನು ಹುಬ್ಬಳ್ಳಿಯಿಂದ ತಂದ ದಿನ ಇವರು, "ಎಂತದೂ ಇಲ್ಲೆ, ಹೆದ್ರಡ" ಎಂದಿದ್ದರು. ನಾನು ನಂಬಿದ್ದೆ.

ಈಗ ಐಸು ಕರಗಿದೆ, ಕೋಣೆ ತಣ್ಣಗಿದೆ. ಜಾಲರಿಯ ಮೂಲಕ ಮೇಲಿನಿಂದ ಇವರ ಸಣ್ಣ ದನಿ ಬರುತ್ತಿದೆ. ಫೋನಿನಲ್ಲಿ ನನ್ನ ಮೈದುನನ ಹತ್ತಿರ ಇರಬೇಕು. "ಅವ್ಳ ಹತ್ರ ಇನ್ನೂ ಹೇಳಿದ್ನಿಲ್ಲೆ. ಹ್ಯಾಂಗೆ ಹೇಳದು?"

ಮೂಗು ಸೀಟಿದ ಸದ್ದು. ಅಳುತ್ತಿದ್ದಾರೆಯೇ? ಮೇಲೆ ಹೋಗಿ ನಾನೇ ಕೇಳಿಬಿಡಬೇಕು. ಆ ಶಾಲನ್ನು ಹೊದ್ದು ಇನ್ನೂ ಇಲ್ಲೇ ಕೂತಿದ್ದೇನೆ.