ಲಕೆಂಬಾದಲ್ಲಿ ಕೊನೆಯ ಹಿಡಿ ಬೇಳೆ

ಲಂಬಾಸಾದ ಅತ್ತಿಗೆಗೆ ನಮಸ್ಕಾರ.

ಈ ಲಕೆಂಬಾ ದ್ವೀಪದಲ್ಲಿ ನಾನು ಕಲಿಸುತ್ತಿರುವ ಹೊಲಿಗೆ ತರಗತಿ ಇನ್ನೂ ಅರ್ಧದಲ್ಲಿದೆ, ಸಾಮಾನಿನ ಹಡಗಿನ ಸುಳಿವಿಲ್ಲ. ಹಡಗುಕಟ್ಟೆಯ ಹೋಟೆಲಿನಲ್ಲಿ, ಮೀನು ತಿನ್ನುವುದಿಲ್ಲ, ಬರೀ ಕೆಸುವಿನ ಸೊಪ್ಪು ಸಾಕೆಂದರೂ ಅದರೊಳಗೆ ಡಬ್ಬಿ ಮೀನು ಇರುತ್ತದೆ. "ಮೀನು ಹಾಕ್ದೆ ನೆಂಟರಿಗೆ ಬರೀ ಸೊಪ್ಪು ಬಡಿಸಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು ತಾಯಿ?" ಎನ್ನುತ್ತಾಳೆ ಹೋಟೆಲಿನ ಸೆರೆಯಾನಾ. ವಾದಿಸಿ ಸುಸ್ತಾಗಿ, ಕೋಣೆಯಲ್ಲೇ ಬೇಯಿಸಿಕೊಳ್ಳುತ್ತಿದ್ದೇನೆ.

ನೀವು ಕಟ್ಟಿಕೊಟ್ಟ ಬೇಳೆಯಲ್ಲಿ ಕೊನೆಯ ಹಿಡಿ ಉಳಿದಿತ್ತು. ನಿನ್ನೆ ಅದಕ್ಕೆ ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಬಾಗಿಲಲ್ಲಿ ಊಟಕ್ಕೆ ಕೂತೆ. ಪಕ್ಕದ ಮನೆಯ ಅಜ್ಜ ಇಲೈತಿಯಾ ದಾರಿಯಲ್ಲಿ ಹೋಗುತ್ತಿದ್ದ. "ಬನ್ನಿ ಅಜ್ಜ, ಊಟ ಮಾಡೋಣ" ಎಂದು ಬಾಯಿಗೆ ಬಂದುಬಿಟ್ಟಿತು. ಉಣ್ಣುವವರು ಹಾಗೆ ಕರೆಯುವುದು, ದಾರಿಹೋಕರು "ಆಯ್ತಮ್ಮ, ನೀವು ಮಾಡಿ" ಎಂದು ಮುಂದೆ ಹೋಗುವುದು ನಿಮಗೆ ಗೊತ್ತೇ ಇದೆ. ಈ ಪುಣ್ಯಾತ್ಮ ಬಂದು ಕೂತೇಬಿಟ್ಟ! ಬೇಳೆಯನ್ನೆಲ್ಲ ನಾನು ಬಡಿಸಿದ ಅನ್ನಕ್ಕೆ ಸುರಿದುಕೊಂಡು, ಪಾತ್ರೆಯ ತಳವನ್ನೂ ಬಳಿದ. ನನಗೆ ಅಳುವೇ ಬಂತು. ಕೊನೆಗೆ ಬಾಯಿ ಒರೆಸಿಕೊಂಡು, ಆಚೀಚೆ ನೋಡಿ, ಮೆಲ್ಲಗೆ ಹೇಳಿದ: "ಸೆರೆಯಾನಾಗೆ ಹೇಳ್ಬೇಡ ಮಗಳೇ. ಮೀನು ತಿಂದು ತಿಂದು ನಂಗೂ ಸಾಕಾಗೋಗಿದೆ."

ಆರೋಗ್ಯ ಪರವಾಗಿಲ್ಲ, ಹೊಲಿಗೆ ಮಿಷನ್ ತುಳಿದು ಕಾಲು ಊದಿಕೊಂಡಿದೆ. ಬರುವ ಹಡಗಿಗೆ ಬೇಳೆ ಕಳಿಸಿ. ಒಬ್ಬಳಿಗೆ ಅಂತ ಅಳೆಯಬೇಡಿ. ಇಷ್ಟು ಬರೆಯುವಷ್ಟರಲ್ಲಿ ಅಜ್ಜ ಎರಡು ಸಲ ಬಾಗಿಲ ಮುಂದೆ ನಿಧಾನವಾಗಿ ಹಾದುಹೋದ. ನಾನಿನ್ನೂ ಒಲೆಯನ್ನೇ ಹಚ್ಚಿಲ್ಲ.

ನಿಮ್ಮ
ಸುಭಾಗವತಿ