ಒಣಗದ ನೀರಿನ ದಕ್ಕೆ

ಯೋನ್‌ಶೋಪಿಂಗ್, ಸ್ವೀಡನ್
ಏಪ್ರಿಲ್ 4, 2016

ಪ್ರೀತಿಯ ಲಿಂಗರಾಜನಿಗೆ, ನಿನ್ನ ಶತ್ರುಸೈನ್ಯದ ದಂಡನಾಯಕ ರಾಜಗೋಪಾಲನ ನಮಸ್ಕಾರ.

ಕೂತುಕೊಂಡು ಓದು. ನಮ್ಮ ನೆಲಮಾಳಿಗೆಗೆ ನೀರು ನುಗ್ಗಿದೆ. ದಕ್ಕೆಯ ಹಲಗೆಗಳು ಮುರಿದು ಜೋತಾಡುತ್ತಿವೆ, ದೋಣಿಯೊಂದು ಮಗುಚಿದೆ, ಒಬ್ಬ ಮುದುಕ ಮೊಣಕಾಲವರೆಗೆ ಕೆಸರಿನಲ್ಲಿ ಹೂತು ನಿಂತಿದ್ದಾನೆ. ದಿನದಿಂದ ದಿನಕ್ಕೆ ಇಳಿಯುತ್ತಿದ್ದಾನೆ. ಎಳೆಯುವುದಕ್ಕೆ ನನ್ನ ಕೈಲಾಗುತ್ತಿಲ್ಲ. ತಕ್ಷಣ ಹೊರಟು ಬಾ.

ಕಾಂಚನಾಳನ್ನು ಕೂಗಬೇಡ, ಕನ್ನಡಕ ಬಿಸಾಡಬೇಡ. ಸುಳ್ಳು, ಮಾರಾಯ. ನೆಲಮಾಳಿಗೆ ಒಣಗಿಕೊಂಡೇ ಇದೆ. ನೀರಿರುವುದು ಅಲ್ಲಿನ ಮೇಜಿನ ಮೇಲೆ, ಎರಡಡಿ ಅಗಲದ ಪ್ಲೈವುಡ್ಡಿನಲ್ಲಿ. ಹಲಗೆಗಳು ಕಾಫಿ ಕಲಕುವ ಕಡ್ಡಿಗಳು. ಅವು ತಾವಾಗಿ ಮುರಿದವಲ್ಲ, ನಾನೇ ನನ್ನ ಸ್ವಂತ ಹಲ್ಲಿನಿಂದ ಕಚ್ಚಿ ಮುರಿದದ್ದು. ಆದ್ದರಿಂದ ದಕ್ಕೆಗೆ ಧಕ್ಕೆಯೇನೂ ಇಲ್ಲ. ಮುದುಕನ ವಿಷಯ ಆಮೇಲೆ ಬರೆಯುತ್ತೇನೆ.

ನೆನಪಿದೆಯಾ, ಗೋಥೆನ್‌ಬರ್ಗಿಗೆ ಮಗಳು ಕಾಂಚನಾಳ ಮನೆಗೆ ಹೋಗುವ ಮುಂಚೆ ನೀನು ನನ್ನ ಕೋಟೆ ಗೋಡೆಗಳನ್ನು ಹಂಗಿಸಿದ್ದು? "ಬರೇ ಕಲ್ಲು, ಬರೇ ಗುಡ್ಡ. ಒಂದರ ನೀರಿರೋ ಜಾಗ ಮಾಡೋ ಗೋಪಾಲಾ. ನನ್ನ ಅಂಬಿಗ ಎಷ್ಟು ದಿನಾ ಅಂತ ಗುಡ್ಡದ ಮ್ಯಾಲೆ ದೋಣಿ ನಡಸ್ಬೇಕು?" ಅಂದೆ. ನಾನು ಅದೇ ಮಾಡಿದ್ದೇನೆ. ಜೌಗು ನೆಲ, ಅದರ ನಡುವೆ ಬಿದ್ದುಹೋಗುವಂಥ ದಕ್ಕೆ. ಶನಿವಾರ ಕ್ಲಬ್ಬಿನ ವಸಂತ ಕೂಟದಲ್ಲಿ ನಮ್ಮ ಆಟ ಇದರ ಮೇಲೆ. ನಿನ್ನ ಹೆಸರು ಕೊಟ್ಟಾಗಿದೆ. ಕಾರ್ಖಾನೆಯಿಂದ ನಿವೃತ್ತರಾದ ಇಬ್ಬರು ಇಂಜಿನಿಯರುಗಳು ಹೆಬ್ಬೆರಳೆತ್ತರದ ಬೊಂಬೆ ಸೈನ್ಯಗಳನ್ನು ಮೇಜಿನ ಮೇಲೆ ಸರಿಸುತ್ತ, ದಾಳ ಉರುಳಿಸುತ್ತ ಯುದ್ಧ ಮಾಡುತ್ತಾರೆ ಎಂಬುದನ್ನು ನನ್ನ ಸೊಸೆ ಇನ್ನೂ ತನ್ನ ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.

ಮಾಡಿದ ಬಗೆ ಕೇಳು, ನಿನಗೆ ಹೊಟ್ಟೆ ಉರಿಯಲಿ. ಕಡ್ಡಿಗಳೆಲ್ಲ ಫಿಕಾದ ಕಾಫಿ ಹೊತ್ತಿನಲ್ಲಿ ಗಿಟ್ಟಿಸಿದವು. ಕಾಫಿಗೆ ಕೂತಲ್ಲೆಲ್ಲ ನಾನು ಹಿಡಿ ಹಿಡಿಯಾಗಿ ಜೇಬಿಗಿಳಿಸುವುದನ್ನು ನೋಡಿ ಲೈಬ್ರರಿ ಕೆಫೆಯ ಹೆಂಗಸು ಈಗ ಡಬ್ಬವನ್ನು ಕೌಂಟರಿನ ಹಿಂದೆ ಇಡುತ್ತಾಳೆ. ಫಿಕಾ ಮುಗಿದ ಮೇಲೆ ನನಗೆ ಪೀಕಲಾಟ. ಕಡ್ಡಿಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ನಾರೆಬ್ಬಿಸಿ, ಕಪ್ಪು ಬಣ್ಣವನ್ನು ನೀರುನೀರಾಗಿ ಬಳಿದೆ. ಒಣಗಿದ ಮೇಲೆ ಬೂದು ಬಣ್ಣದಲ್ಲಿ ಅಂಚನ್ನಷ್ಟೇ ಸವರಿದೆ. ಎಷ್ಟೋ ಮಳೆಗಾಲ ನೆನೆದ ಮರದಂತೆ ಕಾಣುತ್ತದೆ. ಕಂಬಗಳು ಬರ್ಚ್ ಮರದ ಕಡ್ಡಿ. ಜೊಂಡು ಅಂದರೆ ತೆಂಗಿನಕಾಯಿಯ ಜುಟ್ಟು. ಕೆಸರು ನಮ್ಮ ಫಿಲ್ಟರಿನ ಕಾಫಿ ಗಷ್ಟು, ಓವನ್ನಿನಲ್ಲಿ ಒಣಗಿಸಿದ್ದು. ಆ ದಿನ ಮನೆಯೆಲ್ಲ ಘಮಘಮ, ಸೊಸೆ ಮಾತ್ರ ಧುಮುಧುಮು. ದಕ್ಕೆಯ ತುದಿಯಲ್ಲಿ ಒಂದು ಲಾಂದ್ರವಿದೆ. ಕ್ರಿಸ್‌ಮಸ್ ದೀಪದ ಸರದಿಂದ ಕಿತ್ತ ಒಂದೇ ಒಂದು ಹಳದಿ ಬಲ್ಬು. ಕೋಣೆಯ ದೀಪ ಆರಿಸಿ ಅದೊಂದನ್ನೇ ಹಚ್ಚಿದರೆ ಜೊಂಡಿನ ನೆರಳು ನೀರಿನ ಮೇಲೆ ಉದ್ದಕ್ಕೆ ಬೀಳುತ್ತದೆ. ಆ ಹೊತ್ತಿಗೆ ಅಲ್ಲಿ ನಿಲ್ಲುವುದಕ್ಕೆ ನನಗೇ ಒಂಥರಾ ಆಗುತ್ತದೆ.

ನೀರೇ ಕೈಕೊಟ್ಟಿತು. ಅದಕ್ಕೆ ಎರಡು ಬಾಟಲಿ ಇರುತ್ತದಲ್ಲ, ಒಂದು ನೀರಿನಂತೆ ಕಾಣುವ ಅಂಟು ರೆಸಿನ್, ಇನ್ನೊಂದು ಅದನ್ನು ಗಟ್ಟಿ ಮಾಡುವ ದ್ರಾವಣ. ತೂಕ ಮಾಡಿ ಬೆರೆಸಬೇಕು, ಬೆಚ್ಚಗಿನ ಕೋಣೆಯಲ್ಲಿ ಇಡಬೇಕು ಅಂತ ಮೇಲೆಯೇ ಬರೆದಿತ್ತು. ಕಾರ್ಖಾನೆಯಲ್ಲಿ ಬದುಕಿಡೀ ಮೈಕ್ರೋಮೀಟರ್ ಹಿಡಿದ ನಾನು ಏನು ಮಾಡಿದೆ ಹೇಳು? ಡಿಕಾಕ್ಷನ್ನಿಗೆ ಹಾಲು ಬೆರೆಸುವ ಹಾಗೆ ಸ್ಟೀಲ್ ಲೋಟದಲ್ಲಿ ಕಣ್ಣಂದಾಜಿಗೆ ಬೆರೆಸಿದೆ. ಬಣ್ಣ ನೋಡಿ, ಸ್ಟ್ರಾಂಗ್ ಇದೆ ಸಾಕು ಅಂದುಕೊಂಡೆ. ಸುರಿದದ್ದೂ ತಣ್ಣಗಿನ ನೆಲಮಾಳಿಗೆಯಲ್ಲಿ. ವಾರಗಳಾದವು, ಇನ್ನೂ ಗಟ್ಟಿಯಾಗಿಲ್ಲ. ಹಲಸಿನ ಮೇಣದ ಹಾಗೆ ಕೂತಿದೆ. ಮೊಮ್ಮಗಳು ಅವನಿ ಬಂದು ನೋಡಿದಳು. "ಮೆನ್ ಫಾರ್‌ಫಾರ್!" ಅಂದರೆ ಅಯ್ಯೋ ತಾತ, ಅಂತ ಸ್ವೀಡಿಷಿನಲ್ಲಿ ತಲೆ ಚಚ್ಚಿಕೊಂಡು, ಆಮೇಲೆ ಕನ್ನಡದಲ್ಲಿ, "ಇದನ್ನ ಕುಡಿಯೋಕೆ ಮಾಡಿದ್ರಾ ತಾತ?" ಅಂದಳು. ನಮಗೆ ಈ ಆಟ ಕಲಿಸಿದವಳೇ ಅವಳು.

ಈಗ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಊಟದ ನಡುವೆ ಎದ್ದು ಕೆಳಗಿಳಿಯುತ್ತೇನೆ, ಮುಚ್ಚಳ ಎತ್ತುತ್ತೇನೆ, ಒಂದು ಬೆರಳು ಒತ್ತಿ ನೋಡುತ್ತೇನೆ. ಅಂಟುತ್ತದೆ. ಮೇಲೆ ಬರುತ್ತೇನೆ. ಟಿ.ವಿ. ಹಾಕುತ್ತೇನೆ, ಆರಿಸುತ್ತೇನೆ, ಮತ್ತೆ ಇಳಿಯುತ್ತೇನೆ. ಜೌಗಿನ ಮೈತುಂಬ ನನ್ನ ಬೆರಳಚ್ಚು. ಪೊಲೀಸರು ಬಂದರೆ ನಾನು ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ಅಂಟು ಒಣಗುತ್ತಿಲ್ಲ, ನಂಟು ಒಣಗುತ್ತಿದೆ. ನೀನು ಹೋದಮೇಲೆ ನನ್ನ ಫೋನನ್ನು ಎತ್ತಿದ್ದು ಎಷ್ಟು ಸಲ?

ಹೌದು, ಕಾಂಚನಾ ಫೋನು ಮಾಡಿದ್ದಳು. ನಿನಗೆ ಹೇಳಬೇಡಿ ಅಂದಿದ್ದಳು, ಹೇಳುತ್ತಿದ್ದೇನೆ. ಹೊಸ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಬಿಸ್ಕತ್ ಡಬ್ಬಿಯಲ್ಲಿ ಕರವಸ್ತ್ರ ಮಾತ್ರ ಇತ್ತಂತೆ, ಒಳಗೆ ನಿನ್ನ ಅಂಬಿಗ ಇರಲಿಲ್ಲವಂತೆ. ಮೂರು ದಿನ ಮನೆಯೆಲ್ಲ ಜಾಲಾಡಿದೆಯಂತೆ. ಆಮೇಲೆ ಹುಡುಕುವುದನ್ನು ಬಿಟ್ಟು, ಅಡುಗೆಮನೆಯ ಕಪಾಟುಗಳಿಗೆಲ್ಲ ಚೀಟಿ ಅಂಟಿಸಲು ಶುರು ಮಾಡಿದೆಯಂತೆ: ಉಪ್ಪು, ಅಕ್ಕಿ, ಒಲೆ ಆರಿಸು. ಟ್ರಾಮಿನಲ್ಲಿ ಒಬ್ಬನೇ ಹೋಗುವುದಿಲ್ಲವಂತೆ. "ಕೈಯಾರೆ ಇಟ್ಟಿದ್ದು ನನಗ ಕಣ್ಣಿಗೆ ಕಟ್ಟಿದಂಗ ಐತಿ. ಇಟ್ಟೇ ಇಲ್ಲ ಅಂದ್ರ ನನ್ನ ತಲಿನ ಹೋಗೇತಿ ಅಂತ ಅರ್ಥ," ಅಂದೆಯಂತೆ. ನನ್ನ ಸೈನ್ಯವನ್ನು ಕ್ಲಬ್ಬಿಗೆ ಕೊಟ್ಟುಬಿಡು ಅಂದೆಯಂತೆ. ಬರುವ ಸೋಮವಾರ ನೆನಪಿನ ಪರೀಕ್ಷೆಗೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದಾಳೆ. "ಅಂಕಲ್, ಅಪ್ಪ ಅಲ್ಲಿದ್ದಾಗ್ಲೂ ಹೀಗೆ ಮರೀತಿದ್ರಾ?" ಅಂತ ನನ್ನನ್ನು ಕೇಳಿದಳು.

ಆ ಬೊಂಬೆ ಎಂಥದೆಂದು ನನಗೆ ಗೊತ್ತಿಲ್ಲವೇ? ಅಂಗಡಿಯಿಂದ ಬಂದಾಗ ಅವನ ಕೈಯಲ್ಲಿ ಈಟಿಯಿತ್ತು, ತಲೆಗೆ ಶಿರಸ್ತ್ರಾಣವಿತ್ತು. ನಿನ್ನಾಕೆ ಸುಲೋಚನಾ ತೀರಿಕೊಂಡ ವರ್ಷ ನೀನು ಚಳಿಗಾಲವಿಡೀ ಅವನ ಮೇಲೆ ಬಗ್ಗಿ ಕೂತೆ. ಶಿರಸ್ತ್ರಾಣ ಉಜ್ಜಿ ತೆಗೆದು ನಿಮ್ಮ ಕಡೆಯ ಕೆಂಪು ರುಮಾಲು ಸುತ್ತಿದೆ. ಈಟಿ ಕತ್ತರಿಸಿ ಹುಟ್ಟು ಕೊಟ್ಟೆ. ಅವನಿಗೆ ಹುಟ್ಟು ಕೊಟ್ಟವನೇ ನೀನು. ಆ ಚಳಿಗಾಲ ನೀನು ನನ್ನೊಡನೆ ಆಡಿದ ಮಾತಿಗಿಂತ ಅವನೊಡನೆ ಆಡಿದ್ದೇ ಹೆಚ್ಚು. ನನಗೆ ಒಳಗೊಳಗೆ ಸಿಟ್ಟೂ ಇತ್ತು ಅನ್ನು.

ಫೋನಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಅನ್ನುತ್ತೀ. ಫೋನಿನಲ್ಲಿ ನಾನು ಸುಳ್ಳು ಹೇಳಿದರೂ ನೀನು ನಗುತ್ತೀ, ನಿಜ ಹೇಳಿದರೂ ನಗುತ್ತೀ. ನಾನೂ ನಡುವೆ ಎಲ್ಲೋ ಒಂದು ಜೋಕು ಹಾಕಿ ಜಾರಿಕೊಳ್ಳುತ್ತೇನೆ. ನಿನ್ನ ಸಕ್ಕರೆ ಡಬ್ಬಿಗೆ ಥರ್ಮಾಕೋಲಿನ ತುಂಡುಗಳನ್ನು ತುಂಬಿದ್ದು ನಾನೇ ಅಂತ ಒಪ್ಪಿಕೊಳ್ಳುವುದಕ್ಕೆ ನನಗೆ ಎಷ್ಟು ವರ್ಷ ಹಿಡಿಯಿತು ಗೊತ್ತಲ್ಲ. ಅದೂ ಪೂರ್ತಿ ನಿಜವಲ್ಲ, ಅವನಿ ಸಹಾಯ ಮಾಡಿದ್ದಳು. ನೋಡು, ಮತ್ತೆ ಜಾರಿದೆ.

ಶನಿವಾರ ಬೆಳಗಿನ ಬಸ್ಸಿಗೆ ಬಾ. ನಿಲ್ದಾಣದಲ್ಲಿ ನಾನಿರುತ್ತೇನೆ. ಕಾಂಚನಾಳನ್ನೂ ಕರೆದುಕೊಂಡು ಬಾ, ಅವಳಿಗೆ ಎದುರು ನಿಂತು ಹೇಳಬೇಕಾದ್ದು ಒಂದಿದೆ. ಬಂದು ಜಗಳವನ್ನೇ ಆಡು, ದಾಳ ಎಸೆದು ಬೈಯಿ, ಆದರೆ ಬಾ.

ನಿನ್ನ,
ರಾಜಗೋಪಾಲ
(ದಕ್ಕೆಯ ಮೇಸ್ತ್ರಿ, ಕೆಸರಿನ ಗುತ್ತಿಗೆದಾರ, ಹತ್ತು ವರ್ಷದಿಂದ ನಿನ್ನೆದುರು ಸೋಲುತ್ತಿರುವವ)

ತಾ.ಕ.: ಆ ಮುದುಕನ ವಿಷಯ. ನೆರೆ ಸುಳ್ಳು, ಮುದುಕ ಸುಳ್ಳಲ್ಲ. ಅವನ ತಲೆಗೆ ಕೆಂಪು ರುಮಾಲಿದೆ.

ನೀನು ಊರು ಬಿಟ್ಟ ದಿನ, ಪೆಟ್ಟಿಗೆಗೆ ಹಗ್ಗ ತರಲು ಒಳಗೆ ಹೋದೆಯಲ್ಲ, ಆಗ ಡಬ್ಬಿ ತೆಗೆದು ಅಂಬಿಗನನ್ನು ನನ್ನ ಕೋಟಿನ ಜೇಬಿಗೆ ಹಾಕಿಕೊಂಡೆ. ಅವನನ್ನು ಸರೋವರದ ದಂಡೆಯಲ್ಲಿ, ಬಸ್ ನಿಲ್ದಾಣದಲ್ಲಿ, ಕೆಫೆಯ ಬನ್ನಿನ ಮೇಲೆ ನಿಲ್ಲಿಸಿ ಫೋಟೋ ಕಳಿಸೋಣ, ನೀನು ಬೈಯುತ್ತ ವಾಪಸ್ ಓಡಿ ಬರುತ್ತೀ ಅಂತಿದ್ದೆ. ಮೊದಲನೇ ಫೋಟೋ ತೆಗೆಯುವ ಮುಂಚೆ ಕಾಂಚನಾಳ ಫೋನು ಬಂತು. ಅವಳು ಕೇಳಿದ್ದಕ್ಕೆ ನಾನು ಏನು ಹೇಳಿದೆ ಅಂತ ಮೇಲೆ ಬರೆಯಲಿಲ್ಲ. "ವಯಸ್ಸಾಯ್ತಲ್ಲಮ್ಮ, ಆಗಾಗ ಮರೀತಿದ್ದ," ಅಂದೆ. ಅಂದುಬಿಟ್ಟೆ, ಲಿಂಗರಾಜ. ಸಿಕ್ಕಿಬೀಳುವ ಹೆದರಿಕೆಗೆ.

ನೀನು ಏನನ್ನೂ ಮರೆತಿಲ್ಲ. ನಿನ್ನ ಕಣ್ಣಿಗೆ ಕಟ್ಟಿದ್ದೇ ನಿಜ, ಕರವಸ್ತ್ರದಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟದ್ದು ನೀನೇ. ಚೀಟಿಗಳನ್ನು ಕಿತ್ತುಹಾಕು. ಸೋಮವಾರ ಡಾಕ್ಟರ ಹತ್ತಿರ ಹೋಗುವುದಾದರೆ ಈ ಕಾಗದ ಹಿಡಿದುಕೊಂಡು ಹೋಗು, ಕಾಂಚನಾ ಅವರಿಗೆ ಓದಿ ಹೇಳಲಿ.

ಹೇಗೆ ಕಾಣುತ್ತಾನೆ ನೋಡೋಣ ಅಂತ ಅವನನ್ನು ದಕ್ಕೆಯ ಪಕ್ಕ ಆ ಹಾಳು ನೀರಿನ ಮೇಲೆ ನಿಲ್ಲಿಸಿದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ಪಾದ ಕಾಣಲಿಲ್ಲ. ಈಗ ಮೊಣಕಾಲಿಗೆ ಬಂದಿದೆ. ನಾನು ಎಳೆದರೆ ನೀನು ಹಚ್ಚಿದ ಬಣ್ಣ ಕಿತ್ತು ಬರುತ್ತದೆ, ಮುಟ್ಟುವ ಧೈರ್ಯವಿಲ್ಲ. ಬಂದು ನೀನೇ ಎತ್ತು. ಹುಟ್ಟು ಇನ್ನೂ ನೀರಿನ ಮೇಲಿದೆ.